ರೇಡಿಯೊ ಕೇಳುವವರನ್ನು ಕೇಳುವ ಕೆಲಸ

ಕಾಫಿ ಕೊಯ್ಲಿನ ಸಮಯ. ಸಕಲೇಶಪುರದ ಹತ್ತಿರ ನಮ್ಮ ಸೋದರಮಾವನ ಮನೆಗೆ ಹೋಗಿದ್ದೆ. ಕಣದಲ್ಲಿ ಹಣ್ಣು ಹರಡಿತ್ತು. ಕಣದ ಗೋಡೆ ಮೇಲೆ ಹಳೇ ರೇಡಿಯೊ, ಅದರ ಪಕ್ಕದಲ್ಲಿ ಬಿಸಿಲಿಗೆ ಇಟ್ಟಿದ್ದ ಎರಡು ಸೆಲ್ಲು. ಹಾಗೆ ಕಾಯಿಸಿದರೆ ಸೆಲ್ಲು ಇನ್ನೂ ಎರಡು ದಿನ ಓಡುತ್ತೆ ಅನ್ನೋದು ನಮ್ಮ ಕಡೆ ಎಲ್ಲರಿಗೂ ಗೊತ್ತು. ನಾನು ಹಾಸನದ ಒಂದು ಡಿಗ್ರಿ ಕಾಲೇಜಿನಲ್ಲಿ ಪತ್ರಿಕೋದ್ಯಮ ಪಾಠ ಮಾಡುತ್ತೇನೆ. ಎಂ.ಎ. ಓದುವಾಗ ನನಗೆ ಕಲಿಸಿದ ಪ್ರೊಫೆಸರ್ ಒಬ್ಬರು ಜೀವನಪೂರ್ತಿ ಸಾರ್ವಜನಿಕ ಮಾಧ್ಯಮದ ಮೇಲೇ ಸಂಶೋಧನೆ ಮಾಡಿದರು, ಅದನ್ನೇ ಪಾಠ ಮಾಡಿದರು, ಅದರ ಮೇಲೇ ಸಾಕ್ಷ್ಯಚಿತ್ರ ತೆಗೆದರು ಅಂತ ಮಾವನಿಗೆ ಹೇಳುತ್ತಿದ್ದೆ. ಮಾವ ಹಣ್ಣು ಹರಡೋದನ್ನು ನಿಲ್ಲಿಸಿದರು.

"ಅಲ್ಲ ಕಣಮ್ಮ, ರೇಡಿಯೊ ಕೇಳೋದು ಗೊತ್ತು, ರೇಡಿಯೊದಲ್ಲಿ ಮಾತಾಡೋದೂ ಗೊತ್ತು. ರೇಡಿಯೊ ಮೇಲೆ ಸಂಶೋಧನೆ ಅಂದ್ರೆ ಏನು ಮಾಡ್ತಾರೆ?"

ಒಳ್ಳೇ ಪ್ರಶ್ನೆ. ಅವತ್ತು ಕಣದಲ್ಲಿ ಸ್ವಲ್ಪ ಹೇಳಿದೆ, ಅಷ್ಟರಲ್ಲಿ ಕೆಲಸದವರು ಬಂದರು, ಮಾತು ಅಲ್ಲಿಗೇ ನಿಂತಿತು. ಪೂರ್ತಿ ಉತ್ತರ ಈಗ ಬರೆಯುತ್ತಿದ್ದೇನೆ.

ಮೊದಲು ಸಾರ್ವಜನಿಕ ಮಾಧ್ಯಮ ಅಂದರೆ ಏನು ಅಂತ ಸರಿಯಾಗಿ ತಿಳಿದುಕೊಳ್ಳೋಣ. ಆಕಾಶವಾಣಿ, ದೂರದರ್ಶನ ಅಂದ ತಕ್ಷಣ ತುಂಬಾ ಜನ 'ಸರ್ಕಾರಿ' ಅಂತಾರೆ. ಸರ್ಕಾರಿ ಬೇರೆ, ಸಾರ್ವಜನಿಕ ಬೇರೆ. ವ್ಯತ್ಯಾಸ ಇರೋದು ಯಾರಿಗೆ ಉತ್ತರ ಹೇಳಬೇಕು ಅನ್ನೋದರಲ್ಲಿ. ಖಾಸಗಿ ಚಾನೆಲ್ಲು ಕೊನೆಗೆ ಉತ್ತರ ಹೇಳಬೇಕಾಗಿರೋದು ಜಾಹೀರಾತು ಕೊಡುವವರಿಗೆ. ಸರ್ಕಾರಿ ಮಾಧ್ಯಮ ಮಂತ್ರಿಗಳಿಗೆ. ಸಾರ್ವಜನಿಕ ಮಾಧ್ಯಮ ಮಾತ್ರ ಕೇಳುವವರಿಗೇ ಉತ್ತರ ಹೇಳಬೇಕು, ಅದರಲ್ಲೂ ಅಂಗಡಿಗೆ ಹೋಗಿ ಏನನ್ನೂ ಕೊಳ್ಳಲಾಗದವರಿಗೆ, ಯಾವ ಕಂಪನಿಯೂ ಲೆಕ್ಕಕ್ಕೆ ತಗೊಳ್ಳದ ಊರಿನವರಿಗೆ. ಊರ ಕೆರೆ ಇದ್ದ ಹಾಗೆ ಅಂದುಕೊಳ್ಳಿ. ಕೆರೆ ಗೌಡರದ್ದೂ ಅಲ್ಲ, ಇಲಾಖೆಯದ್ದೂ ಅಲ್ಲ. ಇಲಾಖೆ ಅದನ್ನು ನೋಡಿಕೊಳ್ಳಬಹುದು, ಆದರೆ ನೀರು ಊರಿನದು. ಸುಪ್ರೀಂ ಕೋರ್ಟು 1995ರ ಫೆಬ್ರವರಿಯಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಕ್ರಿಕೆಟ್ ಪಂದ್ಯದ ಪ್ರಸಾರದ ಹಕ್ಕಿನ ಬಗ್ಗೆ ಬಂಗಾಳದ ಕ್ರಿಕೆಟ್ ಸಂಸ್ಥೆಗೂ ಕೇಂದ್ರ ಸರ್ಕಾರಕ್ಕೂ ಜಗಳ ಆಗಿ ಕೋರ್ಟಿಗೆ ಬಂದಿತ್ತು. ತೀರ್ಪಿನಲ್ಲಿ ಕೋರ್ಟು ಗಾಳಿಯಲ್ಲಿ ಹೋಗುವ ಪ್ರಸಾರದ ಅಲೆಗಳು ಸಾರ್ವಜನಿಕ ಆಸ್ತಿ ಅಂತ ಹೇಳಿತು. ಕ್ರಿಕೆಟ್ಟಿನ ಜಗಳದಿಂದ ಇಷ್ಟು ದೊಡ್ಡ ಮಾತು ಬಂತು ನೋಡಿ.

ಹಣ ಎಲ್ಲಿಂದ ಬರುತ್ತೆ ಅನ್ನೋದರಲ್ಲೂ ಇದೇ ಪ್ರಶ್ನೆ ಇದೆ. ನಮ್ಮ ತಾತನ ಟ್ರಂಕಿನಲ್ಲಿ ಒಂದು ಸಣ್ಣ ಪುಸ್ತಕ ಇತ್ತು, ಒಳಗೆ ಪೋಸ್ಟಾಫೀಸಿನ ಮುದ್ರೆಗಳು. ಅದು ರೇಡಿಯೊ ಲೈಸನ್ಸು. ಆಗ ಮನೆಯಲ್ಲಿ ರೇಡಿಯೊ ಇಟ್ಟುಕೊಳ್ಳೋಕೆ ಪ್ರತಿ ವರ್ಷ ಅಂಚೆ ಕಚೇರಿಯಲ್ಲಿ ಹಣ ಕಟ್ಟಬೇಕಿತ್ತು. 1980ರ ದಶಕದಲ್ಲಿ ಅದು ನಿಂತಿತು. ಬ್ರಿಟನ್ನಿನಲ್ಲಿ ಟಿವಿಗೆ ಅಂಥ ಲೈಸನ್ಸು ಇವತ್ತಿಗೂ ಇದೆ, 2025ರಲ್ಲಿ ಒಂದು ಮನೆಗೆ ವರ್ಷಕ್ಕೆ 174.50 ಪೌಂಡು. ಬಿಬಿಸಿ ನಡೆಯೋದು ಮುಖ್ಯವಾಗಿ ಅದರ ಮೇಲೆ. ಜರ್ಮನಿಯಲ್ಲೂ ಮನೆಗಿಷ್ಟು ಅಂತ ಕಟ್ಟುತ್ತಾರೆ. ಅಮೆರಿಕದಲ್ಲಿ ದಾರಿ ಬೇರೆ. 1967ರಲ್ಲಿ ಕಾನೂನು ಮಾಡಿ ಸಾರ್ವಜನಿಕ ಪ್ರಸಾರಕ್ಕೆ ಒಂದು ನಿಗಮ ಕಟ್ಟಿದರು, ಉಳಿದದ್ದಕ್ಕೆ ಕೇಳುಗರೇ ದೇಣಿಗೆ ಕೊಡುತ್ತಿದ್ದರು. 2025ರ ಜುಲೈನಲ್ಲಿ ಅಲ್ಲಿನ ಸಂಸತ್ತು ಮುಂದಿನ ಎರಡು ವರ್ಷಕ್ಕೆ ಎತ್ತಿಟ್ಟಿದ್ದ ಸುಮಾರು 110 ಕೋಟಿ ಡಾಲರ್ ಹಣವನ್ನು ವಾಪಸ್ ತಗೊಂಡಿತು, ಮುಂದಿನ ತಿಂಗಳೇ ಆ ನಿಗಮ ಬಾಗಿಲು ಹಾಕುವುದಾಗಿ ಹೇಳಿತು. ದೊಡ್ಡ ನಗರದ ಕೇಂದ್ರಗಳಿಗೆ ದೇಣಿಗೆ ಕೊಡುವ ಶ್ರೀಮಂತ ಕೇಳುಗರು ಇದ್ದಾರೆ, ಜಾಸ್ತಿ ಪೆಟ್ಟು ಬೀಳೋದು ಹಳ್ಳಿಗಾಡಿನ ಸಣ್ಣ ಕೇಂದ್ರಗಳಿಗೆ.

ನಮ್ಮದು ಪ್ರಸಾರ ಭಾರತಿ, ಆಕಾಶವಾಣಿ, ದೂರದರ್ಶನ ಎರಡನ್ನೂ ನಡೆಸುವ ಸಂಸ್ಥೆ. ಇದರ ಕಥೆ ತುಂಬಾ ನಿಧಾನದ್ದು. ಆಕಾಶವಾಣಿಯನ್ನು ಇಲಾಖೆಯ ಕೈಯಿಂದ ಬಿಡಿಸಿ ಸ್ವತಂತ್ರ ನಿಗಮ ಮಾಡಿ ಅಂತ ಎ.ಕೆ. ಚಂದಾ ಅವರ ಸಮಿತಿ 1966ರಲ್ಲೇ ಹೇಳಿತು. ತುರ್ತು ಪರಿಸ್ಥಿತಿಯಲ್ಲಿ ರೇಡಿಯೊ ಹೇಗೆ ಸರ್ಕಾರದ ತುತ್ತೂರಿ ಆಯಿತು ಅಂತ ದೇಶ ನೋಡಿದ ಮೇಲೆ, 1978ರಲ್ಲಿ ವರ್ಗೀಸ್ ಸಮಿತಿ ಮತ್ತೆ ಸ್ವಾಯತ್ತ ಸಂಸ್ಥೆ ಬೇಕು ಅಂತು. ಕಾನೂನು ಆಗಿದ್ದು 1990ರಲ್ಲಿ. ಜಾರಿಗೆ ಬಂದಿದ್ದು 1997ರಲ್ಲಿ. ಮೊದಲ ಮಾತಿನಿಂದ ಲೆಕ್ಕ ಹಾಕಿದರೆ 31 ವರ್ಷ. ಸತ್ಯವಾದ ಮಾಹಿತಿ ತಿಳಿಯುವ ಜನರ ಹಕ್ಕನ್ನು ಕಾಪಾಡಬೇಕು, ಕೃಷಿ, ಆರೋಗ್ಯ, ಶಿಕ್ಷಣ, ಹಳ್ಳಿ, ಹೆಂಗಸರು, ಮಕ್ಕಳ ಕಡೆ ವಿಶೇಷ ಗಮನ ಕೊಡಬೇಕು ಅಂತ ಕಾನೂನಿನಲ್ಲಿ ಬರೆದಿದೆ. ಓದಿದರೆ ಸಂತೋಷ ಆಗುತ್ತೆ. ಆದರೆ ಸಂಬಳದ ಹಣ ಬರೋದು ಸರ್ಕಾರದಿಂದಲೇ, ಹಾಗಾಗಿ ಸ್ವಾಯತ್ತತೆ ಕಾಗದದ ಮೇಲೆ ಎಷ್ಟು, ಸ್ಟುಡಿಯೊದ ಒಳಗೆ ಎಷ್ಟು ಅನ್ನೋ ಪ್ರಶ್ನೆ ಇನ್ನೂ ಹಾಗೇ ಇದೆ. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ನಮ್ಮ ದೇಶದಲ್ಲಿ ಖಾಸಗಿ ಎಫ್‌ಎಂಗಳು ಸ್ವಂತ ಸುದ್ದಿ ಓದುವ ಹಾಗಿಲ್ಲ, ಆಕಾಶವಾಣಿಯ ಸುದ್ದಿಯನ್ನು ಇದ್ದ ಹಾಗೇ ಹಾಕಬಹುದು ಅಷ್ಟೇ. ರೇಡಿಯೊದಲ್ಲಿ ಸುದ್ದಿ ಕೇಳುವವನಿಗೆ ಇರೋದು ಒಂದೇ ಬಾಗಿಲು. ಆ ಬಾಗಿಲು ಹೇಗೆ ಕೆಲಸ ಮಾಡುತ್ತೆ ಅಂತ ಯಾರಾದರೂ ನೋಡುತ್ತಾ ಇರಬೇಕಲ್ವಾ?

ಪ್ರೊಫೆಸರ್ ಕೆಲಸ ಶುರುವಾಗೋದು ಇಲ್ಲಿ. ಕರ್ನಾಟಕದಲ್ಲಿ ಈ ನಂಟು ಹಳೇದು, ನಮ್ಮ ರೇಡಿಯೊ ಹುಟ್ಟಿದ್ದೇ ಒಬ್ಬ ಪ್ರಾಧ್ಯಾಪಕರ ಮನೆಯಲ್ಲಿ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿ ಅವರು 1935ರ ಸೆಪ್ಟೆಂಬರಿನಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಿಂದ ಸಣ್ಣ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಪ್ರಸಾರ ಶುರು ಮಾಡಿದರು. ಅದರ ಹೆಸರು ಆಕಾಶವಾಣಿ. ಆಮೇಲೆ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು, 1950ರ ದಶಕದಲ್ಲಿ ಇಡೀ ದೇಶದ ರೇಡಿಯೊಗೆ ಅದೇ ಹೆಸರು ಬಂತು. ಮನುಷ್ಯನ ಮನಸ್ಸು ಹೇಗೆ ಕೆಲಸ ಮಾಡುತ್ತೆ ಅಂತ ಪಾಠ ಹೇಳುವವರಿಗೆ ಊರಿಗೆಲ್ಲ ಒಂದೇ ಸಲ ಮಾತಾಡುವ ಯಂತ್ರದ ಮೇಲೆ ಆಸೆ ಹುಟ್ಟಿದ್ದು ನನಗೆ ಸಹಜ ಅನ್ನಿಸುತ್ತೆ.

ಈಗ ಮಾವನ ಪ್ರಶ್ನೆಗೆ ಬರುತ್ತೇನೆ. ಸಂಶೋಧನೆ ಅಂದರೆ ಏನು ಮಾಡುತ್ತಾರೆ?

ಒಂದು ನಿಜವಾದ ಪ್ರಯೋಗ ಹೇಳಿದರೆ ಸುಲಭವಾಗಿ ಗೊತ್ತಾಗುತ್ತೆ. 1956ರಲ್ಲಿ ಪುಣೆ ಆಕಾಶವಾಣಿ ಯುನೆಸ್ಕೊ ಸಹಾಯದಿಂದ ಒಂದು ಕೆಲಸಕ್ಕೆ ಕೈಹಾಕಿತು. ಮರಾಠಿ ಮಾತಾಡುವ ಐದು ಜಿಲ್ಲೆಗಳಲ್ಲಿ ಸುಮಾರು 150 ಹಳ್ಳಿ ಆರಿಸಿದರು. ಒಂದೊಂದು ಹಳ್ಳಿಯಲ್ಲೂ ಇಪ್ಪತ್ತು ಜನರ ಗುಂಪು. ವಾರಕ್ಕೆ ಎರಡು ಸಲ, ಅರ್ಧ ಗಂಟೆ ಕೃಷಿ ಕಾರ್ಯಕ್ರಮ. ಗುಂಪಿನವರು ಒಟ್ಟಿಗೆ ಕೂತು ಕೇಳಬೇಕು, ರೇಡಿಯೊ ಆರಿಸಿದ ಮೇಲೆ ಎದ್ದು ಹೋಗಬಾರದು, ಕೇಳಿದ್ದರ ಬಗ್ಗೆ ತಮ್ಮತಮ್ಮಲ್ಲೇ ಮಾತಾಡಬೇಕು. ಮಾತಾಡಿ ಹುಟ್ಟಿದ ಪ್ರಶ್ನೆಗಳನ್ನು ಕೇಂದ್ರಕ್ಕೆ ಕಳಿಸಿದರೆ ಮುಂದೆ ರೇಡಿಯೊದಲ್ಲೇ ಉತ್ತರ ಬರುತ್ತಿತ್ತು. ಈ ಪದ್ಧತಿ ಬಂದಿದ್ದು ಕೆನಡಾದಿಂದ. ಓದು, ಕೇಳು, ಚರ್ಚಿಸು, ಮಾಡು ಅನ್ನೋದು ಅಲ್ಲಿನ ರೈತರ ರೇಡಿಯೊ ಗುಂಪುಗಳ ಘೋಷಣೆ.

ಪ್ರಯೋಗದ ಫಲ ಏನು ಅಂತ ಅಳೆಯೋ ಕೆಲಸ ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಗೆ ಬಂತು. ಪಾಲ್ ನ್ಯೂರಾತ್ ಅನ್ನೋ ಸಮಾಜಶಾಸ್ತ್ರದ ಪ್ರಾಧ್ಯಾಪಕರು ಅದರ ಮುಂದಾಳು. ಅವರು ಮಾಡಿದ ಉಪಾಯ ತುಂಬಾ ಸರಳ, ಆದರೆ ಇವತ್ತಿಗೂ ನನಗೆ ಅದನ್ನು ಪಾಠ ಮಾಡೋದು ಅಂದರೆ ಖುಷಿ. ಮೂರು ಥರದ ಹಳ್ಳಿ ತಗೊಂಡರು. ರೇಡಿಯೊ ಇದೆ, ಗುಂಪೂ ಇದೆ. ರೇಡಿಯೊ ಇದೆ, ಗುಂಪಿಲ್ಲ. ಎರಡೂ ಇಲ್ಲ. ಪ್ರಸಾರ ಶುರುವಾಗುವ ಮೊದಲು ಹೋಗಿ ಜನರಿಗೆ ಏನೇನು ಗೊತ್ತು ಅಂತ ಕೇಳಿದರು, ಮುಗಿದ ಮೇಲೆ ಮತ್ತೆ ಹೋಗಿ ಕೇಳಿದರು. ಗುಂಪು ಇದ್ದ ಹಳ್ಳಿಗಳಲ್ಲಿ ತಿಳಿವಳಿಕೆ ಚೆನ್ನಾಗಿ ಏರಿತ್ತು. ಬರೀ ರೇಡಿಯೊ ಇದ್ದ ಕಡೆ ಅಷ್ಟೇನೂ ಏರಿರಲಿಲ್ಲ.

ಇದನ್ನು ಸ್ವಲ್ಪ ಯೋಚನೆ ಮಾಡಿ ನೋಡಿ. ಅದೇ ಪೆಟ್ಟಿಗೆ, ಅದೇ ಕಾರ್ಯಕ್ರಮ, ಅದೇ ದನಿ. ವ್ಯತ್ಯಾಸ ಆಗಿದ್ದು ರೇಡಿಯೊ ಆರಿಸಿದ ಮೇಲಿನ ಅರ್ಧ ಗಂಟೆಯಲ್ಲಿ, ಜನ ತಾವೇ ಮಾತಾಡಿಕೊಂಡಾಗ. ನಮ್ಮ ಮೇಷ್ಟ್ರು ತಮ್ಮ ಇಡೀ ಕೆಲಸವನ್ನು ಕಟ್ಟಿದ್ದು ಈ ಅರ್ಧ ಗಂಟೆಯ ಮೇಲೆ. ಎಷ್ಟು ಜನ ಕೇಳಿದರು ಅಂತ ಎಣಿಸೋದು ಜಾಹೀರಾತಿನವರಿಗೆ ಸಾಕು. ಸಾರ್ವಜನಿಕ ಮಾಧ್ಯಮದಲ್ಲಿ ಕೇಳಿದ ಮೇಲೆ ಏನಾಯಿತು ಅಂತಾನೂ ಕೇಳಲೇಬೇಕು ಅಂತ ಅವರು ಪಟ್ಟು ಹಿಡಿಯುತ್ತಿದ್ದರು. ಅವರ ಹತ್ತಿರ ಓದಿದ ನನಗೂ ಈಗ ಬೇರೆ ಥರ ಯೋಚನೆ ಮಾಡೋಕೆ ಬರಲ್ಲ.

ನಮ್ಮ ಹಾಸನದ ಆಲೂಗೆಡ್ಡೆಯನ್ನೇ ತಗೊಳ್ಳಿ. ಮುಂಗಾರಿನ ಬೆಳೆ. ಬಿತ್ತನೆ ಗೆಡ್ಡೆ ಜಲಂಧರದಿಂದ ಲಾರಿಯಲ್ಲಿ ಬರುತ್ತೆ. ಮೋಡ ಕವಿದು, ಜಿಟಿಜಿಟಿ ಮಳೆ ಹಿಡಿದು, ತಂಪು ಜಾಸ್ತಿ ಆಯಿತು ಅಂದರೆ ಅಂಗಮಾರಿ ಬರುತ್ತೆ. ಎಲೆ ಸುಟ್ಟ ಹಾಗೆ ಕಪ್ಪಾಗಿ, ಕೆಲವೇ ದಿನದಲ್ಲಿ ಹೊಲ ಪೂರ್ತಿ ಒಣಗುತ್ತೆ. ಈಗ ರೇಡಿಯೊದಲ್ಲಿ ತಜ್ಞರೊಬ್ಬರು ಮೋಡ ಕಂಡ ತಕ್ಷಣ ಔಷಧಿ ಹೊಡೆಯಿರಿ ಅಂದರು ಅಂದುಕೊಳ್ಳಿ. ರೈತ ಕೇಳಿದ. ಅವನಿಗೆ ಅರ್ಥವೂ ಆಯಿತು. ಆದರೂ ಹೊಡೆಯಲಿಲ್ಲ. ಯಾಕೆ? ಔಷಧಿ ಅಂಗಡಿಯಲ್ಲಿ ಹಳೇ ಸಾಲ ಇರಬಹುದು. ಪಂಪು ಪಕ್ಕದವರದ್ದು, ಅವರು ಹೊಡೆದು ಮುಗಿಸೋ ತನಕ ಕಾಯಬೇಕಿರಬಹುದು. ಪಕ್ಕದ ಹೊಲದವನು ಹೊಡೆಯದೆ ನಾನೊಬ್ಬನೇ ಹೊಡೆದರೆ ಏನು ಪ್ರಯೋಜನ ಅನ್ನಿಸಿರಬಹುದು. ಕೊನೇ ಮಾತು ನೋಡಿ, ಅದು ಇಡೀ ಊರು ಒಟ್ಟಿಗೆ ಕೂತು ಮಾತಾಡಿದರೆ ಮಾತ್ರ ಬಗೆಹರಿಯುವಂಥದ್ದು. ಮನೆಯಲ್ಲಿ ಒಬ್ಬನೇ ಕೇಳಿದ ಸಲಹೆ ಕಿವಿಯಲ್ಲೇ ಉಳಿಯುತ್ತೆ.

ಹಾಗಾಗಿ ಒಳ್ಳೆ ಸಂಶೋಧಕರು 'ಕಾರ್ಯಕ್ರಮ ಹೇಗಿತ್ತು?' ಅಂತ ಕೇಳಲ್ಲ. ಹಾಗೆ ಕೇಳಿದರೆ ನಮ್ಮ ಜನ 'ಚೆನ್ನಾಗಿತ್ತು' ಅಂತಾರೆ. ಮನೆಗೆ ಬಂದವರಿಗೆ ಬೇಜಾರು ಮಾಡಬಾರದು ಅನ್ನೋ ಒಳ್ಳೇತನ ಅದು, ಕಾಫಿ ಕೊಟ್ಟು 'ಚೆನ್ನಾಗಿತ್ತು' ಅಂತ ಕಳಿಸುತ್ತಾರೆ. ನಮ್ಮ ಮೇಷ್ಟ್ರು ಕಲಿಸಿದ ಪ್ರಶ್ನೆಗಳು ಬೇರೆ. ನಿನ್ನೆ ಏನು ಕೇಳಿದಿರಿ? ಆಗ ಕೈಯಲ್ಲಿ ಏನು ಕೆಲಸ ಇತ್ತು? ಕೇಳಿದ ಮೇಲೆ ಯಾರಿಗೆ ಹೇಳಿದಿರಿ? ಅವರೇನಂದರು? ಸಾಧ್ಯ ಆದರೆ ಪ್ರಸಾರದ ಹೊತ್ತಿಗೇ ಹೋಗಿ ಅವರ ಜೊತೆ ಕೂರಬೇಕು. ಒಲೆ ಮುಂದೆ ಕೂತ ಅಜ್ಜಿ ಯಾವ ಮಾತಿಗೆ ತಲೆ ಎತ್ತಿದರು, ಯಾವಾಗ ದನಿ ಜೋರು ಮಾಡಿದರು ಅಂತ ಪುಸ್ತಕದಲ್ಲಿ ಬರೆದುಕೊಳ್ಳಬೇಕು. 1975ರ ಆಗಸ್ಟಿನಿಂದ ಒಂದು ವರ್ಷ ನಡೆದ 'ಸೈಟ್' ಅನ್ನೋ ಉಪಗ್ರಹ ಟಿವಿ ಪ್ರಯೋಗದಲ್ಲೂ ಹೀಗೇ ಮಾಡಿದರು. ಆರು ರಾಜ್ಯದ 2400 ಹಳ್ಳಿಗಳಿಗೆ ಟಿವಿ ಬಂತು, ನಮ್ಮ ರಾಯಚೂರು, ಗುಲ್ಬರ್ಗ, ಬಿಜಾಪುರದ ಹಳ್ಳಿಗಳೂ ಅದರಲ್ಲಿದ್ದವು. ಕೋಳಿಗೂಡಿಗೆ ಹಾಕುವಂಥ ತಂತಿ ಬಲೆಯಿಂದ ಮಾಡಿದ ದೊಡ್ಡ ಆಂಟೆನಾ ಹಿಡಿದಿದ್ದು ನಾಸಾ ಉಪಗ್ರಹದ ಸಂಕೇತವನ್ನು. ಎಂಜಿನಿಯರುಗಳ ಜೊತೆ ಮಾನವಶಾಸ್ತ್ರ ಓದಿದವರೂ ಹೋಗಿ ಹಳ್ಳಿಗಳಲ್ಲೇ ಮನೆ ಮಾಡಿಕೊಂಡು ಇದ್ದರು, ಟಿವಿ ಮುಂದೆ ಯಾರು ಕೂರುತ್ತಾರೆ, ಯಾರು ಹೊರಗೇ ಉಳಿಯುತ್ತಾರೆ ಅಂತ ನೋಡೋಕೆ.

ಹೊರಗೆ ಉಳಿಯುವವರ ಲೆಕ್ಕ ತುಂಬಾ ಮುಖ್ಯ. ನಮ್ಮ ಕಡೆ ಹಾಸನ ಎಫ್‌ಎಂ 102.2 ಕೇಳುತ್ತೇವೆ. ಎಫ್‌ಎಂ ಅಲೆ ನೇರವಾಗಿ ಹೋಗುತ್ತೆ, ಗುಡ್ಡ ಅಡ್ಡ ಬಂದರೆ ಮುಗೀತು. ಬಯಲಿನ ಕಡೆ ಸ್ಪಷ್ಟವಾಗಿ ಕೇಳೋದು ಸಕಲೇಶಪುರ ದಾಟಿ ಘಾಟಿ ಕಡೆ ಇಳಿದರೆ ಗೊರಗೊರ ಅನ್ನುತ್ತೆ. ಚಿಕ್ಕಮಗಳೂರಿನ ಬೆಟ್ಟದ ಹಿಂದಿನ ಎಷ್ಟೋ ಮನೆಗಳದ್ದು ಇದೇ ಕಥೆ. ಮೀಡಿಯಂ ವೇವ್ ಹಾಗಲ್ಲ, ನೆಲ ಹಿಡಿದು ಬಾಗಿ ಬರುತ್ತೆ, ಅದಕ್ಕೇ ಮಲೆನಾಡಿನ ಹಿರಿಯರಿಗೆ ಭದ್ರಾವತಿ ಆಕಾಶವಾಣಿ ಅಂದರೆ ಅಷ್ಟು ಪ್ರೀತಿ. ಇನ್ನು ಆನೆ ವಿಷಯ. ಆಲೂರು, ಬೇಲೂರು, ಸಕಲೇಶಪುರದ ಕಡೆ ಆನೆ ಎಲ್ಲಿದೆ ಅಂತ ಮೊಬೈಲಿಗೆ ಸಂದೇಶ ಬರುತ್ತೆ. ಜೀವ ಉಳಿಸುವ ಮಾಹಿತಿ. ಆದರೆ ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದ ಹುಡುಗನಿಗೆ ಕನ್ನಡ ಓದೋಕೆ ಬರಲ್ಲ. ಅವನಿಗೆ ಬೆಳಿಗ್ಗೆ ಆರಕ್ಕೆ ಯಾರು ಹೇಳುತ್ತಾರೆ, ಯಾವ ಭಾಷೆಯಲ್ಲಿ? ಇದು ಸಾರ್ವಜನಿಕ ಮಾಧ್ಯಮದ ಪ್ರಶ್ನೆಯೇ. ನನ್ನ ವಿದ್ಯಾರ್ಥಿಗಳಿಗೆ ಪ್ರಾಜೆಕ್ಟು ಕೊಡುವಾಗ ಮೊದಲು ಹೇಳೋದು ಇದನ್ನೇ.

ಪಾಠದ ವಿಷಯಕ್ಕೆ ಬಂದರೆ, ತರಗತಿಯಲ್ಲಿ ನಾವು ಮಾಡುವ ಒಂದು ಅಭ್ಯಾಸ ನೀವೂ ಮನೆಯಲ್ಲಿ ಮಾಡಬಹುದು. ಒಂದು ನೋಟ್ ಪುಸ್ತಕದಲ್ಲಿ ಗೆರೆ ಎಳೆದು ನಾಲ್ಕು ಸಾಲು ಮಾಡಿ. ಯಾರು ಮಾತಾಡಿದರು, ಎಷ್ಟು ಸೆಕೆಂಡು, ಎಲ್ಲಿಯವರು, ಅವರಿಗೆ ಯಾರಾದರೂ ಎದುರು ಪ್ರಶ್ನೆ ಕೇಳಿದರಾ. ಒಂದು ಗಂಟೆ ಸುದ್ದಿ ನೋಡಿ ಬರೆಯುತ್ತಾ ಹೋಗಿ. ನಾನು ಮೊದಲ ಸಲ ಮಾಡಿದಾಗ 'ಎಲ್ಲಿಯವರು' ಅನ್ನೋ ಸಾಲಿನಲ್ಲಿ ಬೆಂಗಳೂರು, ದೆಹಲಿ, ಬೆಂಗಳೂರು ಅಂತ ಬರೆದು ಬರೆದು ಕೈ ಸೋತಿತ್ತು. ನಮ್ಮ ಕಡೆಯವರು ಬಂದಿದ್ದು ಅಪಘಾತದ ಸುದ್ದಿಯಲ್ಲಿ, ಅದೂ ಅಳುತ್ತಾ. ಆಮೇಲೆ ಟಿವಿ ನೋಡುವ ರೀತಿಯೇ ಬದಲಾಯಿತು. ಅದೇ ಪುಸ್ತಕ ಇಟ್ಟುಕೊಂಡು ರೇಡಿಯೊದ ಕೃಷಿ ಕಾರ್ಯಕ್ರಮ ಕೇಳಿದರೆ ಇನ್ನೊಂದು ಚಿತ್ರ ಸಿಗುತ್ತೆ. ರೈತರು ಮಾತಾಡುತ್ತಾರೆ, ಅವರ ಊರಿನ ಹೆಸರು ಬರುತ್ತೆ. ಆದರೆ ನಾಲ್ಕನೇ ಸಾಲು, ಎದುರು ಪ್ರಶ್ನೆಯ ಸಾಲು, ಅಲ್ಲಿ ಖಾಲಿ ಉಳಿಯುತ್ತೆ. ಅಧಿಕಾರಿಗೆ ಯಾರೂ ಪ್ರಶ್ನೆ ಕೇಳಲ್ಲ. ಎರಡೂ ಕಡೆಯ ಕೊರತೆಯನ್ನು ವಿದ್ಯಾರ್ಥಿಗಳು ತಾವೇ ಎಣಿಸಿ ಕಂಡುಕೊಳ್ಳಬೇಕು. ನಾನು ಹೇಳಿದರೆ ಅದು ನನ್ನ ಅಭಿಪ್ರಾಯ ಆಗಿಬಿಡುತ್ತೆ.

ಸಮುದಾಯ ರೇಡಿಯೊ ಬಗ್ಗೆಯೂ ಒಂದು ಮಾತು. 2006ರಿಂದ ಸಂಘ ಸಂಸ್ಥೆಗಳೂ ಸಣ್ಣ ರೇಡಿಯೊ ನಡೆಸಬಹುದು, ಸುತ್ತ ಸುಮಾರು ಹತ್ತು ಕಿಲೋಮೀಟರ್ ದೂರದ ತನಕ ಕೇಳುವಂಥದ್ದು. ಆ ಅನುಮತಿ ಬರುವ ಮೊದಲೇ ಕೋಲಾರ ಜಿಲ್ಲೆಯ ಬೂದಿಕೋಟೆಯವರು 'ನಮ್ಮ ಧ್ವನಿ' ಅಂತ ಶುರು ಮಾಡಿ, ಗಾಳಿಯಲ್ಲಿ ಪ್ರಸಾರ ಮಾಡುವ ಹಾಗಿಲ್ಲ ಅಂತ ಕೇಬಲ್ ಎಳೆದು ಮನೆಮನೆಗೆ ದನಿ ಮುಟ್ಟಿಸಿದರು. ನನ್ನ ವಿದ್ಯಾರ್ಥಿಗಳಿಗೆ ತುಂಬಾ ಹಿಡಿಸೋದು ಈ ಕಥೆಯೇ.

ಇನ್ನು ಸಾಕ್ಷ್ಯಚಿತ್ರ. ಪ್ರೊಫೆಸರ್ ಆದವರು ಸಿನಿಮಾ ಯಾಕೆ ತೆಗೆಯಬೇಕು? ಸಂಶೋಧನೆಯ ಲೇಖನ ಇಂಗ್ಲಿಷಿನಲ್ಲಿ ಎಲ್ಲೋ ಅಚ್ಚಾಗುತ್ತೆ. ಕಾಫಿ ಕೊಟ್ಟು ಎರಡು ಗಂಟೆ ಮಾತಾಡಿದ ಅಜ್ಜಿಗೆ ಅದು ಯಾವತ್ತೂ ತಲುಪಲ್ಲ. ಚಿತ್ರ ತೆಗೆದರೆ ಅದನ್ನು ಅವರ ಊರಿಗೇ ತಗೊಂಡು ಹೋಗಿ ಶಾಲೆ ಗೋಡೆ ಮೇಲೆ ತೋರಿಸಬಹುದು, ಅವರು 'ಇದು ಸರಿ, ಇದು ತಪ್ಪು' ಅನ್ನಬಹುದು. ಮೊದಲು ನಮ್ಮಲ್ಲಿ ಸಾಕ್ಷ್ಯಚಿತ್ರ ಅಂದರೆ 1948ರಲ್ಲಿ ಶುರುವಾದ ಫಿಲಂಸ್ ಡಿವಿಷನ್ನು. ಟಾಕೀಸಿನಲ್ಲಿ ಸಿನಿಮಾಕ್ಕೆ ಮುಂಚೆ ಅದರ ಚಿತ್ರ ಹಾಕಲೇಬೇಕು ಅಂತ ಕಾಯಿದೆ ಇತ್ತು. ಅಣೆಕಟ್ಟು, ಕಾರ್ಖಾನೆ, ಮೇಲಿಂದ ಗಂಭೀರ ದನಿ. ಒಳ್ಳೇ ಕೆಲಸ ಅದರಲ್ಲೂ ಇತ್ತು, ಆದರೆ ಆ ದನಿಯಲ್ಲಿ ಕೇಳುಗರು ಮಾತಾಡುತ್ತಿರಲಿಲ್ಲ.

ನಮ್ಮ ಮೇಷ್ಟ್ರ ಜೊತೆ ಒಂದು ಚಿತ್ರೀಕರಣಕ್ಕೆ ಹೋಗಿದ್ದೆ, ಎಂ.ಎ. ಎರಡನೇ ವರ್ಷದಲ್ಲಿ. ಆಲೂರು ಕಡೆಯ ಒಂದು ಮನೆ. ಅಜ್ಜಿ ರೇಡಿಯೊ ಬಗ್ಗೆ ಚೆನ್ನಾಗಿ ಮಾತಾಡಿದರು. ಮುಗಿಯಿತು ಅಂತ ನಾವು ವೈರು ಸುತ್ತುತ್ತಿದ್ದೆವು. ಮೇಷ್ಟ್ರು ಬೆರಳೆತ್ತಿ ಎಲ್ಲರನ್ನೂ ಸುಮ್ಮನಿರಿಸಿ ಒಂದು ನಿಮಿಷ ಖಾಲಿ ಕೋಣೆಯನ್ನೇ ರೆಕಾರ್ಡ್ ಮಾಡಿಸಿದರು. ಹೊರಗೆ ಜೀರುಂಡೆ ಕೂಗುತ್ತಿತ್ತು. ಹೆಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಯಾಕೆ ಅಂತ ಗೊತ್ತಾಗಿದ್ದು ಎಡಿಟಿಂಗ್ ಕೂತಾಗ. ಅಜ್ಜಿ ಮಾತಿನ ನಡುವೆ ಒಂದು ಸಾಲು ತೆಗೆದರೆ ಹಿಂದಿನ ಜೀರುಂಡೆ ಸದ್ದೂ ಅಲ್ಲಿ ತಟಕ್ಕನೆ ತುಂಡಾಗುತ್ತೆ, ಕೇಳುವವನಿಗೆ ಅದು ಕಿವಿಗೆ ಹೊಡೆಯುತ್ತೆ. ಆ ಖಾಲಿ ನಿಮಿಷವನ್ನು ಅಡಿಗೆ ಹಾಸಿದರೆ ಗಾಯ ಮುಚ್ಚುತ್ತೆ. ಎಲ್ಲ ಚಿತ್ರದವರೂ ಮಾಡುವ ಕೆಲಸ ಇದು, ಹೊಸದೇನಲ್ಲ. ಆದರೆ ಮೇಷ್ಟ್ರು ಅಲ್ಲೇ ನಿಲ್ಲಿಸಿ ಇನ್ನೊಂದು ಮಾತು ಕೇಳಿದರು. ನೀವು ಕತ್ತರಿಸಿದ ಸಾಲು ಯಾವುದು? ಅಜ್ಜಿ 'ರೇಡಿಯೊ ತುಂಬಾ ಒಳ್ಳೇದು, ಆದ್ರೆ ನಮ್ಮ ಮಾತು ಅದ್ರಲ್ಲಿ ಬರಲ್ಲ' ಅಂದಿದ್ದರು. ನಾವು 'ಆದ್ರೆ'ಯ ಮುಂಚೆ ಕತ್ತರಿಸಿದ್ದೆವು, ಉದ್ದ ಆಯಿತು ಅಂತ. ಗಾಯ ಕಾಣದ ಹಾಗೆ ಮುಚ್ಚೋದನ್ನು ಕಲಿತ ದಿನವೇ ಯಾವುದನ್ನು ಕತ್ತರಿಸಬಾರದು ಅಂತಾನೂ ಕಲಿತೆವು. ಆ ಸಾಲು ವಾಪಸ್ ಬಂತು.

ಚಿತ್ರ ಮುಗಿದ ಮೇಲೆ ಅದೇ ಊರಿನ ಶಾಲೆಯಲ್ಲಿ ತೋರಿಸಿದೆವು. ಗೋಡೆಗೆ ಬಿಳೀ ಪಂಚೆ ಕಟ್ಟಿದ್ದರು. ಮುಂದೆ ಮಕ್ಕಳು, ಹಿಂದೆ ಬಾಗಿಲ ಹತ್ತಿರ ಹೆಂಗಸರು. ಅಜ್ಜಿ ತನ್ನ ಮುಖ ಕಂಡು ಸೆರಗು ಬಾಯಿಗೆ ಇಟ್ಟುಕೊಂಡರು. ದೀಪ ಹಾಕಿದ ಮೇಲೆ ಒಬ್ಬರು ಹಿರಿಯರು ಎದ್ದು ನಿಂತು, "ಎಲ್ಲಾ ಸರಿ ಸಾರ್, ಬಿತ್ತನೆ ಗೆಡ್ಡೆ ರೇಟಿನ ವಿಷಯ ನಾನು ಅಷ್ಟು ಹೇಳಿದ್ದೆ, ಹಾಕಲೇ ಇಲ್ವಲ್ಲ" ಅಂದರು. ಇನ್ನೊಬ್ಬರು ಅವರ ಮಾತನ್ನು ಒಪ್ಪಲಿಲ್ಲ. ಮಾತಿಗೆ ಮಾತು ಬೆಳೀತು. ಮೇಷ್ಟ್ರು ಪ್ರೊಜೆಕ್ಟರ್ ಆರಿಸಿ, ಒಂದು ಬೆಂಚಿನ ತುದಿಯಲ್ಲಿ ಕೂತು, ಜೇಬಿನಿಂದ ಪುಸ್ತಕ ತೆಗೆದು ಬರೆದುಕೊಳ್ಳೋಕೆ ಶುರು ಮಾಡಿದರು. ನಾವು ಹಾಸನಕ್ಕೆ ವಾಪಸ್ ಹೊರಟಾಗ ರಾತ್ರಿ ಹನ್ನೊಂದೂವರೆ.

ಮಾವನಿಗೆ ಈ ಸಲ ಹೋದಾಗ ಇದನ್ನೆಲ್ಲ ಹೇಳಬೇಕು. ಅವರ ರೇಡಿಯೊಗೆ ಎರಡು ಹೊಸ ಸೆಲ್ಲನ್ನೂ ತಗೊಂಡು ಹೋಗಬೇಕು.